ಅಯ್ಯನವರ ತೂಕ, ಗಂಗವ್ವನ ಅಳತೆ

ಮೂವತ್ತನಾಲ್ಕು ವರ್ಷ ಸರಕಾರಿ ದವಾಖಾನೆಗಳಲ್ಲಿ ಕಂಪೌಂಡರನಾಗಿ ಬಾಟಲಿ ತೊಳೆದವನು ನಾನು. ತೆಳ್ಳಗಾಗಲು ಜನ ಕುಡಿದ ಔಷಧಿಗಳನ್ನು ನೋಡಿದ್ದೇನೆ, ಕಟ್ಟಿಕೊಂಡ ತಾಯತಗಳನ್ನು ನೋಡಿದ್ದೇನೆ, ಸೋಮವಾರ ಬಿಟ್ಟು ಗುರುವಾರ ಮತ್ತೆ ಹಿಡಿದ ತುಪ್ಪವನ್ನೂ ನೋಡಿದ್ದೇನೆ. ತೆಳ್ಳಗಾಗಿ ತೆಳ್ಳಗೇ ಉಳಿದವರನ್ನು ಎಣಿಸಲು ಮಾತ್ರ ಒಂದು ಕೈಯ ಬೆರಳು ಸಾಕು.

ಮೊನ್ನೆ ನನ್ನ ತಂಗಿಯ ಮೊಮ್ಮಗಳು ಮನೆಗೆ ಬಂದಿದ್ದಳು. ಆಹಾರಶಾಸ್ತ್ರ ಓದಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ತೂಕ ಇಳಿಸುವವರಿಗೆ ಕೊಡುವ ಅಚ್ಚಾದ ಹಾಳೆಯೊಂದನ್ನು ತೋರಿಸಿ, "ಅಜ್ಜಾ, ಇದನ್ನ ಪಾಲಿಸಿದ್ರ ಯಾರ ಬೇಕಾದ್ರೂ ಇಳೀತಾರ" ಅಂದಳು. ಪಾಲಿಸಿದರೆ ಎನ್ನುವ ಆ ಒಂದು ಮಾತಿನಲ್ಲಿ ನಮ್ಮ ಕಸುಬಿನ ಗೋಳೆಲ್ಲ ಅಡಗಿದೆ. ಅವಳಿಗೂ ಅವಳಂಥ ಹೊಸಬರಿಗೂ ಉಪಯೋಗಕ್ಕೆ ಬಂದೀತು ಎಂದು ಚನ್ನಯ್ಯ ಸ್ವಾಮಿಗಳ ಪ್ರಕರಣವನ್ನು ಬರೆಯುತ್ತಿದ್ದೇನೆ. ನನ್ನ ಬಡ್ತಿಗಳ ವಿಷಯ ಇಲ್ಲಿಲ್ಲ. ಬಂದದ್ದು ಎರಡೇ, ಎರಡೂ ತಡವಾಗಿ ಬಂದವು.

ಪೊಲೀಸ್ ಕಾರ್ಯಾಚರಣೆ ನಡೆದು, ನಿಜಾಮರ ಆಡಳಿತ ಮುಗಿದು ಮೂರು ವರ್ಷವಾಗಿತ್ತು. ಉಮರ್ಗಾದಿಂದ ನಿಲಂಗಾ ಕಡೆಗೆ ಹೋಗುವ ದಾರಿಯ ಒಂದು ಊರಿಗೆ ನನ್ನನ್ನು ಹಾಕಿದರು. ಊರಿನ ಹೆಸರು ಬರೆಯುವುದಿಲ್ಲ. ಈ ಕಥೆಯಲ್ಲಿ ಬರುವವರ ಮೊಮ್ಮಕ್ಕಳು ಇನ್ನೂ ಅಲ್ಲಿದ್ದಾರೆ, ಅವರಿಗೆ ನನ್ನ ಮನೆ ಗೊತ್ತು. ದವಾಖಾನೆ ಎಂದರೆ ಎರಡು ಕೋಣೆ, ಒಂದು ಪಡಸಾಲೆ, ಮೂರು ದೊಡ್ಡ ಬಾಟಲಿ. ಕೆಂಪು ಔಷಧ ಜ್ವರಕ್ಕೆ, ಬಿಳಿಯದು ಹೊಟ್ಟೆಗೆ. ಮೂರನೆಯದು ಜ್ವರವೂ ಇಲ್ಲದೆ ಹೊಟ್ಟೆನೋವೂ ಇಲ್ಲದೆ ಬರೀ ಔಷಧ ಬೇಕು ಎಂದು ಬಂದವರಿಗೆ. ಹೆಚ್ಚು ಖರ್ಚಾಗುತ್ತಿದ್ದದ್ದು ಅದೇ.

ನನ್ನ ಮೇಲಿದ್ದವರು ಡಾಕ್ಟರ್ ವರದನ್. ಆಗ ನಮ್ಮ ಕಡೆ ಅಧಿಕಾರಿಗಳು ಹೊರಗಿನಿಂದ ಬರುತ್ತಿದ್ದರು, ಇವರು ಮದ್ರಾಸ್ ಕಡೆಯಿಂದ ಬಂದವರು. ಕನ್ನಡ ಬಾರದು, ಮರಾಠಿ ಬಾರದು. ಅವರ ಉರ್ದು ಕೇಳಿದರೆ ಊರಿನ ಮುಸಲ್ಮಾನರು ಮುಖ ಬೇರೆ ಕಡೆ ತಿರುಗಿಸಿ ನಗುತ್ತಿದ್ದರು. ಆದರೆ ಆಳು ಪ್ರಾಮಾಣಿಕ, ಕಲಿತದ್ದನ್ನು ಮನಸಾರೆ ನಂಬಿದವರು. ಪುಸ್ತಕದಲ್ಲಿ ಬರೆದದ್ದಕ್ಕೂ ನಮ್ಮ ಊರಿಗೂ ಜಗಳ ಬಂದರೆ ತಪ್ಪು ಊರಿನದು ಎನ್ನುತ್ತಿದ್ದರು. ಅವರ ಮಾತನ್ನು ರೋಗಿಗೆ, ರೋಗಿಯ ಮಾತನ್ನು ಅವರಿಗೆ ದಾಟಿಸುವುದು ನನ್ನ ಕೆಲಸ. ಎರಡೂ ಕಡೆಯ ಬೈಗುಳ ನನ್ನ ಹತ್ತಿರವೇ ನಿಲ್ಲುತ್ತಿತ್ತು.

ಚನ್ನಯ್ಯ ಸ್ವಾಮಿಗಳು ಊರಿನ ಜಂಗಮರು. ಸುತ್ತಲಿನ ಏಳೆಂಟು ಹಳ್ಳಿಯ ಲಿಂಗಾಯತ ಒಕ್ಕಲು ಮನೆಗಳಿಗೆ ಅವರೇ ಅಯ್ಯನವರು. ಹುಟ್ಟಿದ ಕೂಸಿಗೆ ಲಿಂಗ ಕಟ್ಟಲು, ಮದುವೆ ಮಾಡಿಸಲು, ಸತ್ತವರನ್ನು ಮಣ್ಣು ಮಾಡಲು ಅವರೇ ಬೇಕು. ವಯಸ್ಸು ನಲವತ್ತೈದರ ಆಸುಪಾಸು. ಒಳ್ಳೆಯ ದನಿ, ಒಳ್ಳೆಯ ಮನಸ್ಸು, ಬಹಳ ಒಳ್ಳೆಯ ಜೀರ್ಣಶಕ್ತಿ. ಅವರನ್ನು ಹೊತ್ತು ತಿರುಗುತ್ತಿದ್ದ ಸಣ್ಣ ಕುದುರೆ ಒಂದು ದಿನ ಅಂಗಳದಲ್ಲಿ ಮಲಗಿ, ಅವರು ದೂರ ಹೋಗುವ ತನಕ ಏಳಲಿಲ್ಲವಂತೆ. ಅಂದಿನಿಂದ ಎತ್ತಿನ ಬಂಡಿ ಬಂತು.

ಇನ್ನು ಆ ಮಳೆಗಾಲದ ಮಾತು. ಗಾಣದ ಮಲ್ಲಪ್ಪ ಎಂಬ ಮುದುಕ ತೀರಿಕೊಂಡ. ನಮ್ಮಲ್ಲಿ ಹೆಣವನ್ನು ಕೂಡಿಸಿ ಹುಗಿಯುವುದು. ಕುಣಿಯನ್ನು ಗಜಕೋಲಿನಿಂದ ಅಳೆಯುವುದಿಲ್ಲ, ಸತ್ತವರ ಪಾದದಿಂದ ಅಳೆಯುತ್ತಾರೆ. ಉದ್ದಕ್ಕೆ ಒಂಬತ್ತು ಪಾದ, ಅಗಲಕ್ಕೆ ಐದು, ಇಳಿಯಲು ಮಣ್ಣಿನಲ್ಲೇ ಕಡಿದ ಮೂರು ಮೆಟ್ಟಿಲು, ಎದುರಿಗೆ ಹೆಣ ಕೂಡಿಸುವ ಗೂಡು. ಅಯ್ಯನವರು ಒಳಗಿಳಿದು ಗೂಡಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ವಿಭೂತಿ ಹಚ್ಚಬೇಕು, ಎದ್ದು ನಿಂತು ಸತ್ತವರ ತಲೆಯ ಮೇಲೆ ತಮ್ಮ ಪಾದ ಇಡಬೇಕು. ಅಷ್ಟಾದರೆ ಸತ್ತವನ ದಾರಿ ಸುಗಮ. ಈ ಅಳತೆ ಮಾಡಿದ ಹಿರಿಯರು ಸತ್ತವರ ವಿಚಾರ ಮಾಡಿದ್ದರೇ ಹೊರತು ಇಳಿಯುವವರ ವಿಚಾರ ಮಾಡಿರಲಿಲ್ಲ. ಮಲ್ಲಪ್ಪ ಕುಳ್ಳ ಮನುಷ್ಯ, ಪಾದ ಹೆಣ್ಣುಮಕ್ಕಳ ಪಾದದಷ್ಟು ಸಣ್ಣದು.

ಅಯ್ಯನವರು ಇಳಿದರು. ಇಳಿಯುವಾಗಲೇ ಹಸಿಯಾಗಿದ್ದ ಕರಿಮಣ್ಣಿನ ಮೆಟ್ಟಿಲು ಮೂರೂ ಕುಸಿದವು. ಹೇಗೋ ಕೂತು ವಿಭೂತಿ ಹಚ್ಚಿದರು. ಆಮೇಲೆ ಏಳಲು ಆಗಲಿಲ್ಲ. ಹಿಂದೆ ಗೋಡೆ, ಮುಂದೆ ಮಲ್ಲಪ್ಪ. ಇಬ್ಬರು ಕೈ ಹಿಡಿದು ಎಳೆದರು, ನಾಲ್ವರು ಎಳೆದರು. ಕೊನೆಗೆ ಪಕ್ಕದ ಹೊಲದ ಬಾವಿಯಿಂದ ನೀರು ಎಳೆಯುವ ಹಗ್ಗ ತಂದು ಅಯ್ಯನವರ ಕಂಕುಳಿಗೆ ಸುತ್ತಿ ಎತ್ತು ಹೂಡಬೇಕಾಯಿತು. ಎತ್ತುಗಳು ಬಾವಿಯ ನೀರೆಳೆಯುವ ಅಭ್ಯಾಸದಂತೆ ನಾಲ್ಕು ಹೆಜ್ಜೆ ಮುಂದೆ ಹೋಗಿ ನಾಲ್ಕು ಹೆಜ್ಜೆ ಹಿಂದೆ ಬಂದವು. ಅರ್ಧ ಮೇಲೆ ಬಂದಿದ್ದ ಅಯ್ಯನವರು ಮತ್ತೆ ಒಳಗೆ ಹೋದರು. ಗಂಡನಿಗಾಗಿ ಅಳುತ್ತಿದ್ದ ಮಲ್ಲಪ್ಪನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಅವಳ ಹೆಗಲು ಕುಣಿಯುತ್ತಿದ್ದದ್ದು ಅಳುವಿನಿಂದ ಅಲ್ಲ. ನಾನೂ ನಕ್ಕೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೂ ನಗು ಬರುತ್ತದೆ.

ಮೂರನೆಯ ದಿನ ಅಯ್ಯನವರು ಬಂಡಿಯಲ್ಲಿ ದವಾಖಾನೆಗೆ ಬಂದರು.

"ಏನ ತ್ರಾಸ ಅದರಿ ಅಯ್ಯನವರ?" ಎಂದು ಕೇಳಿದೆ.

"ನನಗ ಯಾವ ರೋಗಾನೂ ಇಲ್ಲ ಶಿವಲಿಂಗಪ್ಪಾ. ನನಗ ಒಬ್ಬಾಕಿನ್ನ ಮಣ್ಣ ಮಾಡೂದದ. ಅದಕ್ಕ ತಯಾರ ಮಾಡ್ರಿ."

ಇದನ್ನು ನಾನು ಉರ್ದುವಿಗೆ ದಾಟಿಸಿದಾಗ ಡಾಕ್ಟರರು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು. ಆಕೆ ಇನ್ನೂ ಬದುಕಿದ್ದಾಳೆ ಎಂದು ಹೇಳಿದ ಮೇಲಂತೂ ಪೊಲೀಸ್ ಪಾಟೀಲನನ್ನು ಕರೆಯಬೇಕೇ ಎಂದು ಕೇಳಿದರು.

ವಿಷಯ ಹೀಗಿತ್ತು. ಅಯ್ಯನವರ ತಾಯಿ ಬಾಣಂತನದಲ್ಲೇ ಹೋದವರು. ಆಗ ಒಕ್ಕಲುತನದ ಮನೆಯ ಗಂಗವ್ವ ತನ್ನ ಮಗ ಶರಣಪ್ಪನಿಗೆ ಒಂದು ಎದೆ, ಈ ಕೂಸಿಗೆ ಒಂದು ಎದೆ ಎಂದು ಹಾಲು ಕುಡಿಸಿ ಸಾಕಿದಳು. ಈಗ ಆಕೆಗೆ ಎಪ್ಪತ್ತು ದಾಟಿತ್ತು. ತಾನು ಸತ್ತಾಗ ತಲೆಯ ಮೇಲೆ ಚನ್ನಯ್ಯನ ಪಾದವೇ ಬೀಳಬೇಕು ಎಂದು ಎಷ್ಟೋ ವರ್ಷದ ಹಿಂದೆಯೇ ಮಾತು ತೆಗೆದುಕೊಂಡಿದ್ದಳು. ಮಲ್ಲಪ್ಪನ ಕುಣಿಯ ಸುದ್ದಿ ಕೇಳಿ ಶರಣಪ್ಪ, ನಮಗೇಕೆ ಬೇಕು ಈ ಫಜೀತಿ, ಲೋಹಾರಾದಲ್ಲಿ ಒಬ್ಬ ಬಡಕಲು ಅಯ್ಯ ಇದ್ದಾನೆ, ನಮ್ಮವ್ವನಿಗೆ ಅವನನ್ನೇ ಕರೆಸೋಣ ಎಂದು ನಾಲ್ಕು ಜನರೆದುರು ಹೇಳಿಬಿಟ್ಟಿದ್ದ. ಸಾಕಿದ ತಾಯಿಯನ್ನು ಬೇರೆಯವರು ಬಂದು ಮಣ್ಣು ಮಾಡುವುದನ್ನು ಮೇಲೆ ನಿಂತು ನೋಡಬೇಕಾಗಿ ಬರುತ್ತದೆ ಎನ್ನುವುದು ಅಯ್ಯನವರ ಎದೆಗೆ ಚುಚ್ಚಿತ್ತು. ಹೇಳುವಾಗ ಅವರ ಕಣ್ಣು ತುಂಬಿ ಬಂದವು.

ಡಾಕ್ಟರರಿಗೆ ವಿಷಯ ಅರ್ಥವಾಗುತ್ತಲೇ ಉತ್ಸಾಹ ಬಂತು. ಮೊದಲು ತೂಕ ನೋಡಬೇಕು ಅಂದರು. ನಮ್ಮಲ್ಲಿದ್ದದ್ದು ಕೂಸುಗಳನ್ನು ತೂಗುವ ತಕ್ಕಡಿ. ಹಾಗಾಗಿ ಅಯ್ಯನವರನ್ನು ಹತ್ತಿರದ ಮುರುಮ ಎಂಬ ಊರಿನ ಪೇಟೆಗೆ ಕರೆದುಕೊಂಡು ಹೋಗಿ, ಜೋಳದ ಚೀಲ ತೂಗುವ ದೊಡ್ಡ ತಕ್ಕಡಿಯ ಒಂದು ಪರಡಿಯಲ್ಲಿ ಕೂಡಿಸಿದೆ. ಇನ್ನೊಂದರಲ್ಲಿ ಕಬ್ಬಿಣದ ಗುಂಡುಗಳನ್ನು ಏರಿಸುತ್ತಿದ್ದಂತೆ ಜನ ನೆರೆದರು. ಒಬ್ಬ ಕಬ್ಬಿನ ಗಾಣದ ರೈತ ಮುಂದೆ ಬಂದು ನನ್ನನ್ನು ಗದರಿಸಿದ.

"ಏನ್ರೀ ಕಂಪೌಂಡರ್ ಸಾಹೇಬ್ರ, ಅಯ್ಯನವರ ತುಲಾಭಾರ ಕಬ್ಬಿಣದ ಗುಂಡಿನಾಗ ಮಾಡ್ತಾರೇನ್ರಿ? ಜರಾ ಲಾಜ ವಾಟತ ನಾಹೀ ಕಾ? ನಾಚಿಕಿ ಬರಂಗಿಲ್ಲೇನ್ರಿ?"

"ತುಲಾಭಾರ ಅಲ್ಲರಿ ಇದು, ದವಾಖಾನಿ ಕೆಲಸ" ಎಂದೆ. ಯಾರು ಕೇಳುತ್ತಾರೆ. ಗುಂಡು ಇಳಿಸಿ ಬೆಲ್ಲದ ಪೆಂಟೆ ಏರಿಸಿದರು. ನಾಲ್ಕು ಜನ ನಮಸ್ಕಾರ ಹಾಕಿದರು, ಒಬ್ಬಳು ಆರತಿ ತಂದಳು. ಮೂರು ಮಣ ಎಂಟು ಸೇರು ಬೆಲ್ಲ ತೂಗಿತು. ಆ ಬೆಲ್ಲವನ್ನು ನಮ್ಮ ಬಂಡಿಯಲ್ಲೇ ಹೇರಿ ಕಳಿಸಿದರು. ತೂಕ ಇಳಿಸಲು ಹೋದ ಅಯ್ಯನವರು ತಮ್ಮಷ್ಟೇ ತೂಕದ ಬೆಲ್ಲ ತಂದರು. ದಾನ ಬಂದದ್ದನ್ನು ಎಸೆಯುವಂತಿಲ್ಲ, ಊರಿಗೆಲ್ಲ ಹಂಚಿದೆವು. ಊರವರು ಅದರಲ್ಲಿ ಹೋಳಿಗೆ ಮಾಡಿ ಅಯ್ಯನವರನ್ನೇ ಊಟಕ್ಕೆ ಕರೆದರು.

ಊಟದ ಕಥೆ ನಿಮಗೆ ಗೊತ್ತಿರಬೇಕು. ಡಾಕ್ಟರರು ಅನ್ನ ಇಷ್ಟು, ಬೇಯಿಸಿದ ಕಾಯಿಪಲ್ಯ ಇಷ್ಟು, ತುಪ್ಪ ಬೇಡವೇ ಬೇಡ ಎಂದು ಒಂದು ಹಾಳೆ ಬರೆದುಕೊಟ್ಟರು. ನನ್ನ ಮೊಮ್ಮಗಳ ಹಾಳೆಗೂ ಅದಕ್ಕೂ ಬಹಳ ವ್ಯತ್ಯಾಸವಿಲ್ಲ. ಆದರೆ ಜಂಗಮರಿಗೆ ಬಡಿಸಿದ್ದು ಪ್ರಸಾದವಾಗುತ್ತದೆ, ಪ್ರಸಾದವನ್ನು ತಾಟಿನಲ್ಲಿ ಬಿಡುವಂತಿಲ್ಲ. ಬಿಟ್ಟರೆ ಆ ಮನೆಯ ಹೆಂಗಸರು ವರ್ಷಗಟ್ಟಲೆ, ನಮ್ಮಿಂದ ಏನು ತಪ್ಪಾಯಿತು ಎಂದು ಕೊರಗುತ್ತಾರೆ. ಅಯ್ಯನವರು ಬೇಡ ಎಂದು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ತುಪ್ಪ ಸುರಿಯುತ್ತಿತ್ತು. ದಿನಕ್ಕೆ ಎರಡು ಮನೆ, ಶ್ರಾವಣದಲ್ಲಿ ನಾಲ್ಕು. ಡಾಕ್ಟರರ ಹಾಳೆಯನ್ನು ಅಯ್ಯನವರು ಜಗುಲಿಯ ಮೇಲೆ ವಿಭೂತಿಗಟ್ಟಿಯ ಕೆಳಗೆ ಇಟ್ಟು ದಿನಾ ಭಕ್ತಿಯಿಂದ ಕೈ ಮುಗಿಯುತ್ತಿದ್ದರು.

"ಹಾಗಾದರೆ ವಾರಕ್ಕೆ ಎರಡು ದಿನ ಉಪವಾಸ ಮಾಡಲಿ" ಎಂದರು ಡಾಕ್ಟರರು. ಉಪವಾಸ ಎಂದ ಕೂಡಲೇ ಅಯ್ಯನವರ ಮುಖ ಅರಳಿತು. ಆಗಲೇ ನನಗೆ ಸಂಶಯ ಬರಬೇಕಿತ್ತು.

ಒಂದು ತಿಂಗಳಾದ ಮೇಲೆ ಏನೋ ಕಾರ್ಯಕ್ಕೆ ಅಯ್ಯನವರು ಉದಗೀರಕ್ಕೆ ಹೋಗುವುದಿತ್ತು, ನಾನೂ ಔಷಧಿ ತರಲು ಹೊರಟಿದ್ದೆ. ಅಲ್ಲಿಯ ಧಾನ್ಯದ ಪೇಟೆಯಲ್ಲಿ ಗುರುತಿನವರ ತಕ್ಕಡಿಯಲ್ಲಿ, ಜನ ನೆರೆಯುವ ಮೊದಲೇ ತೂಗಿಸಿದೆ. ಎರಡು ಮಣ ಮೂವತ್ತನಾಲ್ಕು ಸೇರು. ಒಂದು ಮಣಕ್ಕೆ ನಲವತ್ತು ಸೇರು, ಅಂದರೆ ಹದಿನಾಲ್ಕು ಸೇರು ಇಳಿದಿದ್ದರು. ಊರಿಗೆ ಬಂದು ಡಾಕ್ಟರರಿಗೆ ಹೇಳಿದಾಗ ಅವರು ನನ್ನ ಕೈ ಕುಲುಕಿದರು. ಮೇಲಧಿಕಾರಿ ನನ್ನ ಕೈ ಕುಲುಕಿದ್ದು ಇಡೀ ನೌಕರಿಯಲ್ಲಿ ಅದೊಂದೇ ಸಲ. ಉಪವಾಸವನ್ನು ವಾರಕ್ಕೆ ನಾಲ್ಕು ದಿನ ಮಾಡಿದರು.

ಅದಾಗಿ ಒಂದು ಸೋಮವಾರ ನಾನು ಅಯ್ಯನವರ ಮನೆಗೆ ಹೋದೆ. ಉಪವಾಸ ನಡೆದಿತ್ತು. ತಾಟಿನಲ್ಲಿ ಶೇಂಗಾ ಹಾಕಿದ ಸಾಬೂದಾಣಿ ಖಿಚಡಿಯ ಗುಡ್ಡೆ, ಪಕ್ಕದಲ್ಲಿ ಬೆಲ್ಲ ತುಪ್ಪದಲ್ಲಿ ಹುರಿದ ಗೆಣಸಿನ ಹೋಳು, ರಾಜಗಿರಿ ಉಂಡಿ ಎರಡು, ಚೆಂಬಿನ ತುಂಬ ಕೆನೆಹಾಲು, ನಾಲ್ಕು ಬಾಳೆಹಣ್ಣು.

"ಅಯ್ಯನವರ, ಇದೇನ್ರಿ?"

"ಉಪಾಸ. ಜ್ವಾಳ ಇಲ್ಲ, ಗೋದಿ ಇಲ್ಲ, ಅನ್ನ ಮುಟ್ಟಂಗಿಲ್ಲ. ಭಾಳ ತ್ರಾಸ ಆಗ್ಲಕತ್ತದ ತಮ್ಮಾ, ಆದ್ರೂ ಬಿಟ್ಟಿಲ್ಲ."

ಅವರ ಮುಖದಲ್ಲಿ ಮೋಸವಿರಲಿಲ್ಲ. ನಮ್ಮ ಕಡೆ ಉಪವಾಸ ಎಂದರೆ ಅದೇ. ಮದ್ರಾಸಿನ ಡಾಕ್ಟರರಿಗೆ ಅದು ಗೊತ್ತಿಲ್ಲದೆ ಇದ್ದದ್ದು ಸಹಜ. ಗೊತ್ತಿದ್ದೂ ಹೇಳದೆ ಇದ್ದವನು ನಾನು, ಏಕೆಂದರೆ ನಮ್ಮ ಮನೆಯಲ್ಲೂ ಅದನ್ನೇ ತಿಂದು ಉಪವಾಸ ಎನ್ನುತ್ತಿದ್ದೆವು. ಹಾಗಾದರೆ ಹದಿನಾಲ್ಕು ಸೇರು ಎಲ್ಲಿಗೆ ಹೋಯಿತು? ಮತ್ತೆ ಮುರುಮಕ್ಕೆ ಹೋಗಿ ತೂಗಿಸಿದರೆ ಮೂರು ಮಣ ಹದಿಮೂರು ಸೇರು. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಉದಗೀರದ ಸೇರೇ ಬ್ಯಾರೆ, ಮುರುಮದ ಸೇರೇ ಬ್ಯಾರೆ. ಅಲ್ಲೀದು ದೊಡ್ಡದು. ಶಾಳಿ ಕಲ್ತವರಿಗಿ ಇಷ್ಟೂ ತಿಳ್ಯಾಂಗಿಲ್ಲೇನ್ರಿ?" ಅಂದ. ಆಗಿನ್ನೂ ಕಿಲೋ ಬಂದಿರಲಿಲ್ಲ, ಪೇಟೆಗೊಂದು ಸೇರು. ಅಯ್ಯನವರು ಇಳಿದಿರಲೇ ಇಲ್ಲ, ಐದು ಸೇರು ಏರಿದ್ದರು. ಡಾಕ್ಟರರಿಗೆ ಹೇಳಿದೆ. ಕುಲುಕಿದ ಕೈಯನ್ನು ವಾಪಸು ತೆಗೆದುಕೊಳ್ಳಲು ಆಗುವಂತಿದ್ದರೆ ಅಂದು ತೆಗೆದುಕೊಳ್ಳುತ್ತಿದ್ದರು.

ನನ್ನ ದೊಡ್ಡ ತಪ್ಪು ಇದಲ್ಲ. ಅದು ಇದರ ಮುಂದಿನದು.

ಮುಖ ಉಳಿಸಿಕೊಳ್ಳಬೇಕಿತ್ತು, ಅದೂ ಬೇಗ. ನಿಲಂಗಾದಲ್ಲಿ ಒಬ್ಬ ವೈದ್ಯ ಎಂಟು ದಿನದಲ್ಲಿ ಹೊಟ್ಟೆ ಕರಗಿಸುತ್ತಾನೆ ಎಂದು ಯಾರೋ ಹೇಳಿದರು. ಡಾಕ್ಟರರಿಗೆ ತಿಳಿಸದೆ ನಾನೇ ಹೋಗಿ ಒಂದು ಶೀಸೆ ತಂದುಕೊಟ್ಟೆ. ಅದು ಬರೀ ಜಬರದಸ್ತು ಜುಲಾಬು, ಭೇದಿಯ ಔಷಧ. ಅಯ್ಯನವರು ನಿಜವಾಗಿಯೂ ಇಳಿದರು. ಕೆನ್ನೆ ಜೋತುಬಿದ್ದವು, ರುದ್ರಾಕ್ಷಿ ಸರ ಸಡಿಲವಾಯಿತು. ಊರವರು ಭೇಷ್ ಅಂದರು, ನಾನು ಮೀಸೆ ತಿರುವಿದೆ. ಆರನೆಯ ದಿನ ಅವರು ಬಂಡಿಯಿಂದ ಇಳಿಯುತ್ತಿದ್ದಂತೆ ಕಣ್ಣು ಕತ್ತಲೆ ಬಂದು ದವಾಖಾನೆಯ ಬಾಗಿಲಲ್ಲೇ ಬಿದ್ದರು. ನಾಡಿ ಸಿಗುತ್ತಿರಲಿಲ್ಲ. ಡಾಕ್ಟರ್ ವರದನ್ ಸೂಜಿಯಿಂದ ಉಪ್ಪುನೀರು ಏರಿಸಿ, ಅವರು ಕಣ್ಣು ಬಿಡುವ ತನಕ ಮಣೆಯ ಮೇಲೆ ಕೂತರು. ನಾನು ಮೂಲೆಯಲ್ಲಿ ನಿಂತಿದ್ದೆ. ಈ ಮನುಷ್ಯ ಸತ್ತರೆ ಕೊಂದವನು ನಾನೇ ಎಂದು ಗೊತ್ತಿತ್ತು. ಅಷ್ಟು ಹೆದರಿಕೆ ನನಗೆ ಮುಂದೆಂದೂ ಆಗಿಲ್ಲ. ಹೊಸಬರೇ, ಬೇಗ ಇಳಿಸುತ್ತೇವೆ ಎನ್ನುವವರ ಶೀಸೆಯನ್ನು ನೀವು ಕೈಯಲ್ಲೂ ಮುಟ್ಟಬೇಡಿ. ಆ ಇಳಿದ ತೂಕ ಹದಿನೈದು ದಿನದಲ್ಲಿ ಮರಳಿ ಬಂತು, ಬರುವಾಗ ಬಳಗವನ್ನೂ ಕರೆದುಕೊಂಡು ಬಂತು.

ಅಯ್ಯನವರು ಬಿದ್ದ ಮರುದಿನ ಬೆಳಿಗ್ಗೆ ಗಂಗವ್ವ ಕೋಲು ಊರಿಕೊಂಡು ದವಾಖಾನೆಗೆ ಬಂದಳು. ಸಣ್ಣ ಜೀವ, ಸುಕ್ಕುಗಟ್ಟಿದ ಮುಖ, ದನಿ ಮಾತ್ರ ಸಂತೆಯ ಆಚೆ ದಂಡೆಗೂ ಕೇಳುವಂಥದ್ದು. ಮೊದಲು ಅಯ್ಯನವರ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಆಮೇಲೆ ಬೈಯಲು ಸುರು ಮಾಡಿದಳು.

"ಆ ಮದರಾಸಿ ಸಾಹೇಬಗ ತಿಳ್ಯಾಂಗಿಲ್ಲ, ಅಂವ ಪರಸ್ಥಳದಾಂವ. ನಿನಗೇನ ಆಗಿತ್ತೋ ಶಿವಲಿಂಗ್ಯಾ? ನಾ ಸಾಯೂದರ ಮೊದಲ ಅಯ್ಯಗ ಕುಣಿಗಿ ಕಳಸ್ತೀಯೇನು? ಮತ್ತ ನನ್ನ ತಲೀ ಮ್ಯಾಲ ಪಾದಾ ಯಾರ ಇಡಬೇಕು, ನೀ ಇಡ್ತೀ?"

ಆಕೆ ಅಯ್ಯನವರ ಕಡೆ ತಿರುಗಿ ದನಿ ಇಳಿಸಿದಳು.

"ತಪ್ಪು ನಂದೂ ಅದ. ತಾಯಿ ಇಲ್ಲದ ಕೂಸು ಅಂತ ನಾನೇ ಬಾಯಾಗ ತುರಕೀನಿ. ಈಗ ಹೇಳ್ತೀನಿ ಕೇಳ್ರಿ. ನಿಮ್ಮಜ್ಜ ಹ್ಯಾಂಗಿದ್ರು ನೆನಪದ? ಬೆತ್ತದಾಂಗ ಇದ್ರು. ಜೋಳಿಗಿ ಹಾಕ್ಕೊಂಡು ದಿನಾ ಐದು ಮನಿ ನಡದ ಹೋಗಿ ಹೊಸ್ತಲದಾಗ ನಿಂತ ಬೇಡತಿದ್ರು. ನೀವು ಬಂಡ್ಯಾಗ ಹೋಗಿ ಮಣಿ ಮ್ಯಾಲ ಕುಂಡ್ರತೀರಿ. ಬಡಿಸಿದ್ದು ಪ್ರಸಾದ, ಬಿಡಾಕ ಬರಂಗಿಲ್ಲ. ಬೇಡಿದ್ದು ಭಿಕ್ಷಾ, ಎಷ್ಟ ಬೇಕೋ ಅಷ್ಟೇ ಬೇಡ್ರಿ."

"ಮಂದಿ ಊಟಕ್ಕ ಕರದ್ರ ಏನ ಮಾಡ್ಲಿ ಗಂಗವ್ವಾ?" ಎಂದರು ಅಯ್ಯನವರು, ಮಲಗಿದಲ್ಲಿಂದಲೇ.

"ಭಿಕ್ಷಾದ ವ್ರತ ಹಿಡದೀನಿ ಅನ್ರಿ. ಮನಿಗಿ ಕಾಲು ಜ್ವಾಳದ ಭಕ್ಕರಿ, ಮ್ಯಾಲ ಆ ಮನ್ಯಾಗ ಏನ ಪಲ್ಯ ಆಗ್ಯದೋ ಅದು. ಯಾವ ಹೆಂಗಸೂ ಬ್ಯಾಡ ಅನ್ನಂಗಿಲ್ಲ, ಮನಿ ಬಾಗಲಿಗೇ ಜಂಗಮ ಬರ್ತಾನ. ಮದವಿ ಮನ್ಯಾಗ ಹೋಳಿಗಿ ಉಣ್ರಿ, ಯಾರ ಬ್ಯಾಡ ಅಂತಾರ? ಆದ್ರ ಅಲ್ಲಿಗೂ ನಡಕೋತ ಹೋಗ್ರಿ. ಐದನೇ ಮನಿ ನಂದು."

ಐದನೆಯ ಮನೆ ಅವಳದು ಎಂದರೆ ಊರ ಹೊರಗೆ ಮಾಳದ ಮೇಲಿನ ಹೊಲದ ಮನೆ. ಹೋಗಿ ಬರಲು ಒಂದು ಹರದಾರಿ, ಅಂದರೆ ಮೂರು ಮೈಲಿ. ಮುದುಕಿ ಲೆಕ್ಕ ಹಾಕಿಯೇ ಹೇಳಿದ್ದಳು.

ಡಾಕ್ಟರರಿಗೆ ನಾನು ಇದನ್ನೆಲ್ಲ ದಾಟಿಸಿದೆ. ಅವರು "ಈಕೆ ಎಲ್ಲಿ ಓದಿದ್ದಾಳೆ?" ಎಂದು ಕೇಳಿದರು.

ಇನ್ನು ಅಳತೆ. ತಕ್ಕಡಿಯ ಹೆಸರೆತ್ತಲು ನನಗೆ ಬಾಯಿರಲಿಲ್ಲ. ಗಂಗವ್ವ ತನ್ನ ಮನೆಯ ಅಂಗಳದಲ್ಲಿ ಸುಣ್ಣದ ಬಟ್ಟಲು ಹಿಡಿದು ತನ್ನ ಪಾದಕ್ಕೆ ಪಾದ ಹಚ್ಚಿ ನಡೆದಳು. ಉದ್ದಕ್ಕೆ ಒಂಬತ್ತು, ಅಗಲಕ್ಕೆ ಐದು. ನಾನು ಗೆರೆ ಎಳೆದೆ. ಮಲ್ಲಪ್ಪನ ಪಾದಕ್ಕಿಂತ ಸಣ್ಣ ಪಾದ ಅವು. ಶರಣಪ್ಪ ಕಂಗಾಲಾದ.

"ಅವ್ವಾ, ಜೀವಂತ ಇದ್ದಾಗ ಕುಣಿ ಅಳೀತಾರೇನು? ಅಪಶಕುನ."

"ಅಳತಿ ತಗೊಂಡ ಮಾತ್ರಕ್ಕ ಸಿಂಪಿಗ್ಯಾ ನಾಳೇ ಅಂಗಿ ಹೊಲದ ಕೊಡ್ತಾನೇನು? ಸುಮ್ಮ ಕುಂಡ್ರು" ಅಂದಳು.

ಅಮಾವಾಸ್ಯೆಗೊಮ್ಮೆ ಅಯ್ಯನವರು ಆ ಗೆರೆಯೊಳಗೆ ಕುಕ್ಕರಗಾಲಿನಲ್ಲಿ ಕೂತು, ಗೆರೆ ಮುಟ್ಟದೆ, ಕೈ ಊರದೆ ಏಳಬೇಕು. ಎದ್ದು ಕಟ್ಟೆಯ ಮೂರು ಮೆಟ್ಟಿಲು ಹತ್ತಬೇಕು. ಮೊದಲ ಅಮಾವಾಸ್ಯೆಗೆ ಮಗ್ಗುಲಿಗೆ ಉರುಳಿದರು. ಎರಡನೆಯದಕ್ಕೂ ಉರುಳಿದರು. ಗಂಗವ್ವ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಕುಟ್ಟುತ್ತ, "ಅವಸರ ಇಲ್ರಿ, ನಾ ಇನ್ನೂ ಹೋಗಲಕತ್ತಿಲ್ಲ" ಅನ್ನುತ್ತಿದ್ದಳು.

ಹೇಳುವಂಥ ಚಮತ್ಕಾರ ಏನೂ ನಡೆಯಲಿಲ್ಲ, ಬಹಳ ನಿಧಾನವಾಗಿ ನಡೆಯಿತು. ಮೊದಲು ಅಯ್ಯನವರು ಹಾದಿಯಲ್ಲಿ ಹತ್ತು ಕಡೆ ಕೂಡುತ್ತಿದ್ದರು. ಆಮೇಲೆ ನಾಲ್ಕು ಕಡೆ. ನಡುವೆ ಒಂದು ಶ್ರಾವಣದಲ್ಲಿ ಹಳೆಯ ಚಾಳಿಗೆ ಬಿದ್ದು ಮೂರು ದಿನ ಮಣೆಯ ಮೇಲೆ ಕೂತು ಉಂಡರು. ನಾಲ್ಕನೆಯ ದಿನ ಜೋಳಿಗೆ ಹಾಕಿಕೊಂಡು ಗಂಗವ್ವನ ಬಾಗಿಲಿಗೆ ಹೋದಾಗ ಆಕೆ ಬೈಯಲಿಲ್ಲ, ಎಂದಿನ ಕಾಲು ಭಕ್ಕರಿ ಹಾಕಿದಳು, ಅಷ್ಟೇ. ತಪ್ಪಿದ್ದಕ್ಕೆ ದಂಡ ಇಲ್ಲದ ಕಾರಣಕ್ಕೇ ಅವರು ಮತ್ತೆ ಹಾದಿಗೆ ಬಂದರು ಎಂದು ನನ್ನ ನಂಬಿಕೆ. ದಂಡ ಹಾಕಿದ್ದರೆ ನಾಚಿಕೆಯಿಂದ ಆ ಕಡೆ ತಲೆಯನ್ನೇ ಹಾಕುತ್ತಿರಲಿಲ್ಲ. ಎಂಟನೆಯ ಅಮಾವಾಸ್ಯೆಗೆ ಒಂದು ಕೈ ಊರಿ ಎದ್ದರು. ಎರಡನೆಯ ವರ್ಷ ಹೋಳಿಯ ಹೊತ್ತಿಗೆ ಕೈ ಊರದೆ ಎದ್ದು, ಎದ್ದ ಬೆರಗಿಗೆ ತಾವೇ ಸ್ವಲ್ಪ ಹೊತ್ತು ನಿಂತಲ್ಲೇ ನಿಂತರು. ಬಂಡಿಯ ಎತ್ತುಗಳನ್ನು ಶರಣಪ್ಪನ ಹೊಲಕ್ಕೆ ಕೊಟ್ಟರು. ಅವರ ಸೊಂಟ ಬೆತ್ತವಾಗಲಿಲ್ಲ, ಎಂದೂ ಆಗಲಿಲ್ಲ. ಆದರೆ ಐದು ಪಾದದ ಒಳಗೆ ಹಿಡಿದರು.

ಡಾಕ್ಟರ್ ವರದನ್ ಈ ಪ್ರಕರಣವನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಚಿಕಿತ್ಸೆ ಎನ್ನುವ ಕಡೆ 'ಭಿಕ್ಷೆ' ಎಂದು ಬರೆದು, ಸ್ವಲ್ಪ ಯೋಚಿಸಿ ಕೆಳಗೆ ಗಂಗವ್ವನ ಹೆಸರು ಬರೆದರು. ಮುಂದೆ ರಾಜ್ಯ ಒಡೆದು ನಮ್ಮ ಕಡೆಯೆಲ್ಲ ಮುಂಬಯಿಗೆ ಸೇರಿದಾಗ ಅವರು ತಮ್ಮ ಕಡೆ ಹೊರಟುಹೋದರು. ಹೋಗುವ ಮುನ್ನ ನನ್ನನ್ನು ಕರೆದು, ಉಪವಾಸ ಅಂದರೆ ಏನು ಎಂದು ಮೊದಲೇ ಹೇಳಬಾರದಿತ್ತೇ ಎಂದು ಕೇಳಿದರು. ನೀವು ಕೇಳಲಿಲ್ಲವಲ್ಲ ಎಂದೆ. ಇಬ್ಬರೂ ನಕ್ಕೆವು.

ಅಯ್ಯನವರು ಕೈ ಊರದೆ ಎದ್ದ ಮರುವರ್ಷ ಜೋಳ ಕೊಯ್ಯುವ ಕಾಲಕ್ಕೆ ಗಂಗವ್ವ ಹಾಸಿಗೆ ಹಿಡಿದಳು. ನಾನು ಔಷಧ ಕೊಡಲು ಹೋದಾಗ ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದಳು. ಹೂಂ ಎಂದೆ. ನಾಲ್ಕನೆಯ ದಿನ ಬೆಳಗಿನಲ್ಲಿ ಹೋಗಿಬಿಟ್ಟಳು.

ಅಂದು ಮಧ್ಯಾಹ್ನ ಸುತ್ತಲಿನ ಎಂಟು ಹಳ್ಳಿಯೂ ಬಂದಿತ್ತು. ಸತ್ಯ ಹೇಳಬೇಕೆಂದರೆ ಅರ್ಧ ಜನ ಗಂಗವ್ವನಿಗಾಗಿ ಬಂದಿದ್ದರು, ಅರ್ಧ ಜನ ಅಯ್ಯನವರು ಮೇಲೆ ಬರುತ್ತಾರೋ ಇಲ್ಲವೋ ನೋಡಲು ಬಂದಿದ್ದರು. ಕುಣಿ ತೋಡುವವರು ಆಕೆಯ ಪಾದಕ್ಕೆ ದಾರ ಹಿಡಿದು ಅಳೆದಿದ್ದರು. ಅಂಗಳದ ಸುಣ್ಣದ ಗೆರೆಗೂ ಅದಕ್ಕೂ ಒಂದು ಬೆರಳಿನ ವ್ಯತ್ಯಾಸವೂ ಇರಲಿಲ್ಲ.

ಅಯ್ಯನವರು ಮೂರು ಮೆಟ್ಟಿಲು ಇಳಿದರು. ಕುಕ್ಕರಗಾಲಿನಲ್ಲಿ ಕೂತು ವಿಭೂತಿ ಹಚ್ಚಿದರು, ಆಕೆಯ ಕೈಯಲ್ಲಿ ಲಿಂಗ ಇಟ್ಟರು, ಎದ್ದರು. ಕೈ ಊರಲಿಲ್ಲ. ನನ್ನ ಉಸಿರು ಕೆಳಗೆ ಬಂತು. ಇನ್ನು ಪಾದ ಇಡುವುದೊಂದೇ. ಅಲ್ಲಿ ಅವರು ನಿಂತುಬಿಟ್ಟರು. ಕಾಲು ಎತ್ತಲಿಲ್ಲ. ಜನರಲ್ಲಿ ಗುಸುಗುಸು ಎದ್ದಿತು, ಮೊಣಕಾಲು ಕೈಕೊಟ್ಟಿತು ಎಂದು ಯಾರೋ ಅಂದರು. ಶರಣಪ್ಪ ನನ್ನ ಕಡೆ ನೋಡಿದ. ಮೊಣಕಾಲಿಗೆ ಏನೂ ಆಗಿಲ್ಲ ಎಂದು ನನಗೆ ಕಾಣುತ್ತಿತ್ತು. ಹಾಲು ಕುಡಿಸಿದವಳ ತಲೆಯ ಮೇಲೆ ಕಾಲಿಡಲು ಅವರಿಗೆ ಆಗುತ್ತಿರಲಿಲ್ಲ. ಎರಡು ವರ್ಷ ನಾವು ತೂಕದ ಲೆಕ್ಕ ಹಾಕಿದ್ದೆವು, ಇದರ ಲೆಕ್ಕ ಯಾರೂ ಹಾಕಿರಲಿಲ್ಲ.

ಆಮೇಲೆ ಅವರು ಬಾಗಿದರು. ಐದು ಪಾದದ ಆ ಇಕ್ಕಟ್ಟಿನಲ್ಲಿ ಪೂರ್ತಿ ಬಾಗಿ, ಗಂಗವ್ವನ ಎರಡೂ ಪಾದಗಳ ಮೇಲೆ ತಮ್ಮ ಹಣೆ ಇಟ್ಟರು. ಜಂಗಮರು ಭಕ್ತರ ಕಾಲಿಗೆ ಬೀಳುವುದು ನಾವು ಯಾರೂ ಕಂಡದ್ದಲ್ಲ, ಕೇಳಿದ್ದಲ್ಲ. ಮಲ್ಲಪ್ಪನ ಕುಣಿಯಲ್ಲಿ ಸಿಕ್ಕಿಬಿದ್ದಿದ್ದ ಆ ಹಳೆಯ ಚನ್ನಯ್ಯನವರಿಗೆ ಹಾಗೆ ಬಾಗಲು ಜಾಗವೇ ಇರುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಎದ್ದು, ಪಾದವನ್ನು ಆಕೆಯ ತಲೆಯ ಮೇಲೆ ಹೂವಿನಷ್ಟು ಹಗುರಾಗಿ ಇಟ್ಟು ತೆಗೆದರು. ತಿರುಗಿ ಮೂರು ಮೆಟ್ಟಿಲು ಹತ್ತಿ ಮೇಲೆ ಬಂದರು. ಒಂದು ಮೆಟ್ಟಿಲೂ ಕುಸಿಯಲಿಲ್ಲ.

ಮಣ್ಣು ಮುಚ್ಚಿ ಜನ ಚದುರಿದ ಮೇಲೆ ಅವರು ನನ್ನ ಹತ್ತಿರ ಬಂದು ಕಣ್ಣು ಒರೆಸಿಕೊಂಡರು.

"ಶಿವಲಿಂಗಪ್ಪಾ, ಖರೇ ಹೇಳು. ಹಗ್ಗ ತಂದೀಯೇನು?"

ಸುಳ್ಳು ಹೇಳಲಾಗಲಿಲ್ಲ. "ತಂದೀನ್ರಿ. ಹುಣಸಿ ಗಿಡದ ಹಿಂದ ಅದ."

"ಎತ್ತೂ ತಂದೀಯೇನು?"

"ಎತ್ತೂ ಅವ್ರಿ. ಹೂಡೇ ನಿಂದರ್ಸೀನಿ."

"ಆಕೀನೇ ಹೇಳಿದ್ದಳೇನು?"

"ಹೌದ್ರಿ. ಅಯ್ಯಗ ಕಾಣದಾಂಗ ಇಡು ಅಂದಿದ್ದಳ್ರಿ."

ಅಯ್ಯನವರು ಅಳುತ್ತಲೇ ನಕ್ಕರು. ಹುಣಸೆ ಮರದ ಹಿಂದೆ ಹೋಗಿ ಎತ್ತಿನ ಮೈ ತಟ್ಟಿದರು. ಹಗ್ಗ ಬಿಚ್ಚಿ, ಸುತ್ತಿ, ತಮ್ಮ ಹೆಗಲಿಗೆ ಹಾಕಿಕೊಂಡು ಊರ ತನಕ ನಡೆದುಕೊಂಡು ಹೋದರು.